ಮದುವೆ ಕ್ಯಾಮೆರಾದಲ್ಲಿ ಪರಿಸರ ಪಾಠ

ನಮ್ಮ ಕಾಲೇಜಿನಲ್ಲಿ ಎಲ್ಲಕ್ಕಿಂತ ಸ್ವಚ್ಛವಾಗಿದ್ದ ಜಾಗವೆಂದರೆ ಹೆಣ್ಣುಮಕ್ಕಳ ಶೌಚಾಲಯ. ಗೋಡೆಗೆ ಬಿಳಿ ಟೈಲ್ಸ್. ನಲ್ಲಿಗೆ ಸುತ್ತಿದ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಕನ್ನಡಿಯ ಮೂಲೆಯಲ್ಲಿ ಅಂಗಡಿಯವರ ಚೀಟಿ ಹಾಗೇ ಅಂಟಿಕೊಂಡಿತ್ತು. ಹೊಲಸಾಗುವುದಾದರೂ ಹೇಗೆ? ಕಟ್ಟಿಸಿದ ದಿನದಿಂದ ಅದಕ್ಕೆ ಕೀಲಿ ಜಡಿದಿದ್ದರು. ಚಾವಿ ಪ್ರಾಚಾರ್ಯರ ಮೇಜಿನ ಡ್ರಾವರಿನಲ್ಲಿ ಇರುತ್ತಿತ್ತು.

“ಹುಡುಗ್ಯಾರಿಗೆ ಬಿಟ್ರ ನಾಕ ದಿನದಾಗ ಹೊಲಸ ಮಾಡಿಡ್ತಾರ್ರಿ ಮೇಡಂ. ಆಮ್ಯಾಲ ಕಮಿಟಿ ಬಂದಾಗ ಏನ ತೋರಸೂದು?” ಎನ್ನುತ್ತಿದ್ದರು ಪ್ರಾಚಾರ್ಯರು.

ಕಮಿಟಿ ಎಂದರೆ ಕಾಲೇಜುಗಳನ್ನು ನೋಡಿ ದರ್ಜೆ ಕೊಡುವ ತಪಾಸಣಾ ಸಮಿತಿ. ಅದು ಈ ವರ್ಷ ಬರುತ್ತದೆ, ಮುಂದಿನ ವರ್ಷ ಬರುತ್ತದೆ ಎಂದು ನಾನು ಸೇರಿದಾಗಿನಿಂದ ಕೇಳುತ್ತಿದ್ದೆ. ಅದು ಬರುವತನಕ ನಮ್ಮ ಹುಡುಗಿಯರು ತಡೆದುಕೊಳ್ಳಬೇಕಾಗಿತ್ತು. ಗಂಡುಹುಡುಗರಿಗೇನು, ಕಾಲೇಜಿನ ಸುತ್ತ ಉದ್ದಕ್ಕೂ ಕಂಪೌಂಡ್ ಗೋಡೆ ಇತ್ತು!

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ ಅದು. ನಾನು ಹುಕ್ಕೇರಿಯಿಂದ ಗೋಕಾಕಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಪದವಿ ತರಗತಿಗಳಿಗೆ ಕನ್ನಡ ಕಲಿಸುತ್ತಿದ್ದೆ. ಹುಡುಗಿಯರು ಮೂಡಲಗಿ, ಕಲ್ಲೋಳಿ, ಕೌಜಲಗಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಆ ನಡುವೆ ಅವರು ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ನಾನೂ ಅಷ್ಟೇ. ತೀರಾ ತಡೆಯದಾದಾಗ ಕಾಲೇಜಿನ ಹಿಂದಿದ್ದ ಜೈನರ ಮನೆಯ ಹೆಣ್ಣುಮಗಳ ಕಡೆ ಓಡುತ್ತಿದ್ದೆ. ಆಕೆ ಒಳ್ಳೆಯವಳೇ, ಆದರೆ ಹೋದಾಗೆಲ್ಲ ಕಾಲೇಜಿನ ಸುದ್ದಿಯನ್ನೆಲ್ಲ ಒಪ್ಪಿಸದೆ ಹೊರಗೆ ಬಿಡುತ್ತಿರಲಿಲ್ಲ. ಕಾಲೇಜಿನ ಅಷ್ಟೂ ಹುಡುಗಿಯರನ್ನು ಆಕೆಯ ಹಿತ್ತಲಿಗೆ ಕಳಿಸಲು ಆಗುತ್ತದೆಯೇ?

ಅವರಲ್ಲಿ ಕೌಜಲಗಿಯ ಹುಡುಗಿಯೊಬ್ಬಳಿದ್ದಳು. ಬಿ.ಎ. ಎರಡನೆಯ ವರ್ಷ. ಮೊದಲ ಬೆಂಚಿನಲ್ಲಿ ಕುಳಿತು ನಾನು ತಪ್ಪು ಹೇಳಿದರೆ ಮೆಲ್ಲಗೆ ಹುಬ್ಬು ಏರಿಸುವವಳು. ಆ ವರ್ಷ ಆಕೆಗೆ ಮೇಲಿಂದ ಮೇಲೆ ಕಿಬ್ಬೊಟ್ಟೆ ನೋವು, ಉರಿ, ಜ್ವರ. ಡಾಕ್ಟರು, “ನೀರು ಕುಡಿ, ಒಂದಕ್ಕ ಬಂದ್ರ ತಡೀಬ್ಯಾಡ, ತಡದ್ರ ಕಿಡ್ನಿಗೆ ಹೊಡತ ಬೀಳ್ತೈತಿ” ಎಂದು ಹೇಳಿ ಕಳಿಸಿದ್ದರು. ಆಕೆಯ ಅವ್ವ ದಿನಾ ಒಂದು ಬಾಟಲಿ ತುಂಬ ಕಾಯಿಸಿದ ನೀರು ಹಾಕಿ ಕೊಡುತ್ತಿದ್ದಳು. ಹುಡುಗಿ ಅದನ್ನು ದಿನವಿಡೀ ಚೀಲದಲ್ಲಿ ಹೊತ್ತು ಸಂಜೆ ಬಸ್ಸು ಹತ್ತುವ ಮುಂಚೆ ಚೆಲ್ಲಿಬಿಡುತ್ತಿದ್ದಳು. ತುಂಬಿದ ಬಾಟಲಿ ಮನೆಗೆ ಒಯ್ದರೆ ಅವ್ವ ಅಳುತ್ತಾಳೆ ಎಂದು.

ಒಂದು ದಿನ ಆಕೆಯ ಅಪ್ಪ ನನ್ನನ್ನು ಹುಡುಕಿಕೊಂಡು ಬಂದರು. ಕೊರಳಲ್ಲಿ ಲಿಂಗ, ಕೈಯಲ್ಲಿ ಟೋಪಿ. ಸ್ಟಾಫ್ ರೂಮಿನ ಬಾಗಿಲಿಗೇ ನಿಂತು ಹೇಳಿದರು: “ಸಾಲಿ ಕಲೀಬೇಕ್ರಿ ಮೇಡಂ, ಖರೆ. ನನಗೂ ಆಸೆ ಐತಿ. ಆದ್ರ ಜೀವಕ್ಕಿಂತ ದೊಡ್ಡದೇನ್ರಿ? ಇನ್ನೊಮ್ಮೆ ಬ್ಯಾನಿ ಬಂತಂದ್ರ ನಾ ಟಿ.ಸಿ. ಒಯ್ತೇನಿ.” ಬೈಯಲು ಬಂದ ಅಪ್ಪನಾಗಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಇವರು ಬೈಯಲೇ ಇಲ್ಲ.

ನಾನು ಪ್ರಾಚಾರ್ಯರ ಕೋಣೆಗೆ ಹೋದೆ. ಚಾವಿ ಕೊಡಿ ಎಂದೆ. ಕಮಿಟಿ ಬಂದು ಹೋಗಲಿ ಎಂದರು. ಮತ್ತೆ ಹೋದೆ. ನೀರಿನ ಟಾಕಿ ಸಣ್ಣದು ಎಂದರು. ಮತ್ತೂ ಹೋದೆ. “ಏನ್ರಿ ಮೇಡಂ, ನೀವು ಕನ್ನಡದವರು, ಯಾವಾಗ ನೋಡಿದ್ರೂ ಸಂಡಾಸಿನ ಮಾತು!” ಎಂದು ನಕ್ಕರು. ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿ ಹೊರಗೆ ಬಂದೆ.

ಅದೇ ಹೊತ್ತಿಗೆ ಪರಿಸರ ಬಂತು. ಪದವಿಯ ಎಲ್ಲ ಮಕ್ಕಳಿಗೂ ಪರಿಸರ ವಿಜ್ಞಾನ ಕಡ್ಡಾಯ ಎಂದು ಮೇಲಿನಿಂದ ಆದೇಶ. ಕಲಿಸುವವರು ಯಾರು? ಸಸ್ಯಶಾಸ್ತ್ರದವರು ತಮಗೆ ಪ್ರಾಕ್ಟಿಕಲ್ ಇದೆ ಎಂದರು. ರಸಾಯನದವರು ತಮಗೆ ಟ್ಯೂಷನ್ ಇದೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಪ್ರಾಚಾರ್ಯರು ವೇಳಾಪಟ್ಟಿಯಲ್ಲಿ ಯಾರ ಪಾಠ ಕಡಿಮೆ ಇದೆ ಎಂದು ನೋಡಿದರು. ನನ್ನದು.

“ನಿಮ್ಮ ಹಳಗನ್ನಡದಾಗ ಕಾಡು, ಹೊಳಿ, ಆನಿ, ನವಿಲು ಎಲ್ಲಾ ಬರ್ತಾವಲ್ರಿ. ಅದಽ ಪರಿಸರ. ಹೆಂಗರೆ ಜಮಾಸ್ರಿ,” ಎಂದು ತಲೆಗೆ ಕಟ್ಟಿಯೇಬಿಟ್ಟರು.

ಮೂರು ವಿಭಾಗ ಕೂಡಿಸಿ ದೊಡ್ಡ ಹಾಲಿನಲ್ಲಿ ಪಾಠ. ಪುಸ್ತಕ ತೆಗೆದರೆ ಓಝೋನ್ ಪದರ, ಧ್ರುವದ ಹಿಮ, ತಿಮಿಂಗಿಲ. ಗೋಕಾಕದ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಾನು ಹಿಮ ಕರಗುವ ಬಗ್ಗೆ ಓದಿದೆ. ಹಿಂದಿನ ಬೆಂಚಿನವರು ಗಾಢವಾಗಿ ನಿದ್ದೆ ಮಾಡಿದರು. ನಾನೇ ಅಲ್ಲಿ ಕುಳಿತಿದ್ದರೂ ಅದನ್ನೇ ಮಾಡುತ್ತಿದ್ದೆ. ಮುಂದೆ ಒಂದು ದಿನ ಆರೋಗ್ಯ ಮತ್ತು ನೈರ್ಮಲ್ಯದ ಪಾಠ ಬಂತು. “ಪ್ರತಿಯೊಬ್ಬರೂ ದಿನವಿಡೀ ಸಾಕಷ್ಟು ಶುದ್ಧ ನೀರು ಕುಡಿಯಬೇಕು” ಎಂದು ನಾನು ಗಟ್ಟಿಯಾಗಿ ಓದಿದೆ. ಹುಡುಗಿಯರ ಕಡೆಯ ಬೆಂಚುಗಳೆಲ್ಲ ಒಮ್ಮೆಲೇ ತಲೆಯೆತ್ತಿ ನನ್ನನ್ನು ನೋಡಿದವು. ಅಯ್ಯ ಶಿವನೇ, ನನಗೆ ಎಷ್ಟು ನಾಚಿಕೆಯಾಯಿತೆಂದರೆ ಆ ಪುಟವನ್ನು ಮುಗಿಸದೆ ಪುಸ್ತಕ ಮುಚ್ಚಿದೆ.

ಆ ವಾರ ಮೂಡಲಗಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ವಿಡಿಯೋ ಹಿಡಿದವನು ನಮ್ಮ ಕಾಲೇಜಿನ ಹುಡುಗನೇ. ಅವನ ಕಾಕಾನದು ಮೂಡಲಗಿಯಲ್ಲಿ ಸ್ಟುಡಿಯೋ. ತರಗತಿಯಲ್ಲಿ ಹೆಸರು ಕೂಗಿದರೆ ಎದ್ದು ನಿಲ್ಲಲೂ ಬೇಸರಪಡುವ ಹುಡುಗ, ಅಲ್ಲಿ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಊರ ಹಿರಿಯರನ್ನೆಲ್ಲ ಆಡಿಸುತ್ತಿದ್ದ! ಅವನು “ಇತ್ತಾಗ ನೋಡ್ರಿ ಅಜ್ಜಾರ” ಎಂದರೆ ಅಜ್ಜಾರು ನೋಡುತ್ತಿದ್ದರು. ಆಯೇರ ಮಾಡುವವರು, ಅಂದರೆ ಉಡುಗೊರೆ ಕೊಡುವವರು, ಸ್ಟೀಲಿನ ಕೊಡಪಾನವನ್ನು ಮದುಮಗಳ ಕೈಗಿಟ್ಟು ತಾವೂ ಒಂದು ಕಡೆ ಹಿಡಿದು, ಅವನು ತಲೆ ಆಡಿಸುವತನಕ ಕ್ಯಾಮೆರಾ ನೋಡುತ್ತ ನಿಲ್ಲಬೇಕು. ಪಕ್ಕದಲ್ಲಿ ಒಬ್ಬ ಮೈಕಿನಲ್ಲಿ ಕೂಗಿ ಹೇಳುತ್ತಾನೆ, ಇಂಥವರಿಂದ ಕೊಡಪಾನ ಒಂದು. ಯಾರು ಏನು ಕೊಟ್ಟರು ಎಂದು ಆಮೇಲೆ ಮನೆಮಂದಿಯೆಲ್ಲ ಕ್ಯಾಸೆಟ್ ಹಾಕಿ ನೋಡುವುದು ನಮ್ಮ ಕಡೆ ಪದ್ಧತಿ. ಕ್ಯಾಸೆಟ್ಟಿನಲ್ಲಿ ಬಂದರೆ ಕೊಟ್ಟ ಹಾಗೆ. ಬರದಿದ್ದರೆ ನೀವು ಬಂಗಾರ ಕೊಟ್ಟರೂ ಕೊಟ್ಟಿಲ್ಲ.

ಮದುಮಕ್ಕಳು ಮನೆ ಹೊಗುವಾಗ ಹೊಸ್ತಿಲಲ್ಲಿ ಅಕ್ಕತಂಗಿಯರು ಅಡ್ಡ ನಿಂತರು. ಗಂಡನ ಹೆಸರನ್ನು ಹೆಂಡತಿ, ಹೆಂಡತಿಯ ಹೆಸರನ್ನು ಗಂಡ ಒಡಪಿನಲ್ಲಿ, ಅಂದರೆ ಪ್ರಾಸ ಕೂಡಿಸಿದ ಎರಡು ಸಾಲಿನಲ್ಲಿ, ಹೇಳಬೇಕು. ಹೇಳಿದ ಮೇಲೂ ಅಡ್ಡ ನಿಂತವರು ಕೇಳಿದ್ದನ್ನು ಕೊಡಬೇಕು. ಅಲ್ಲಿಯತನಕ ಬಾಗಿಲು ಬಿಡುವುದಿಲ್ಲ. ಅದರಲ್ಲಿ ದೊಡ್ಡ ಮಾತೇನೆಂದರೆ, ತಡೆಸಿಕೊಂಡವರು ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಊರೆಲ್ಲ ನಗುತ್ತದೆ. ಮದುಮಗ ಹೇಗೋ ಬೆವರಿ ಒಡಪು ಹೇಳಿ ಮುಗಿಸಿದ. ನಮ್ಮ ಹುಡುಗ ಕ್ಯಾಮೆರಾ ಕೆಳಗಿಳಿಸಿ, “ಬ್ಯಾಟರಿ ಹೋತ್ರಿ. ಇನ್ನೊಮ್ಮೆ ಹೇಳ್ರಿ,” ಎಂದ. ಪಾಪ, ಮದುಮಗ ಇನ್ನೊಮ್ಮೆ ಹೇಳಿದ.

ಬಸ್ಸಿನಲ್ಲಿ ಹುಕ್ಕೇರಿಗೆ ಮರಳುವಾಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ಪುಸ್ತಕದ ತಿಮಿಂಗಿಲ ಸಾಕು. ಹುಡುಗರೇ ತಮ್ಮ ಊರಿನ ಪರಿಸರದ ವಿಡಿಯೋ ಮಾಡಿ ತರಲಿ. ಹಾಲಿನಲ್ಲಿ ಟಿ.ವಿ. ಇಟ್ಟು ಎಲ್ಲರೂ ನೋಡೋಣ, ಮಾತಾಡೋಣ, ಅದೇ ಪಾಠ, ಅದಕ್ಕೇ ಪ್ರಾಜೆಕ್ಟಿನ ಅಂಕ. ಮದುವೆಗಳಿಲ್ಲದ ದಿನ ಕ್ಯಾಮೆರಾ ಕೊಡಲು ಸ್ಟುಡಿಯೋದ ಕಾಕಾ ಒಪ್ಪಿದರು. ಅಣ್ಣನ ಮಗ ಮೊದಲ ಸಲ ಕಾಲೇಜಿನ ಮಾತು ಆಡಿದ್ದಕ್ಕೆ ಅವರಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಗಿತ್ತಂತೆ.

ಮೊದಲ ತಂಡ ದಡ್ಡಿ ಎಂಬ ಊರಿನ ಕಡೆ ಹೋಯಿತು. ಹೊಳೆಯ ನೀರಿಗೆ ಊರ ಗಟಾರು ಬಂದು ಸೇರುವ ಜಾಗವನ್ನು ತೋರಿಸಿ ಎಂದು ನಾನು ಹೇಳಿ ಕಳಿಸಿದ್ದೆ. ತಂದ ಕ್ಯಾಸೆಟ್ ಹಾಕಿದೆವು. ಶಹನಾಯಿ ಶುರುವಾಯಿತು. ಪರದೆಯ ಮೇಲೆ ಗುಲಾಬಿ ಹೂ ಒಂದೊಂದಾಗಿ ಅರಳಿ, ನಡುವಿನಿಂದ “ಶುಭ ಪರಿಸರ” ಎಂಬ ಅಕ್ಷರ ಹೊರಬಂತು. ಆಮೇಲೆ ಊರ ಹಿರಿಯರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಮುಖವೂ ಹೃದಯದ ಆಕಾರದ ಚೌಕಟ್ಟಿನಲ್ಲಿ ಬಂದು ಹೋಯಿತು.

“ಗಟಾರು ಎಲ್ಲಿ ಐತೋ?” ಎಂದೆ.

“ಅವರ ಹಿಂದ ಐತ್ರಿ ಮೇಡಂ,” ಎಂದ ಕ್ಯಾಮೆರಾ ಹಿಡಿದಿದ್ದ ಮೂಡಲಗಿಯ ಹುಡುಗ. “ವಿಡಿಯೋದವರು ಬರ್ತಾರಂದ ಕೂಡ್ಲೆ ಊರಾಗಿನವರು ಬೆಳಿಗ್ಗೆನಽ ಗಟಾರು ಬಳದು ರಂಗೋಲಿ ಹಾಕ್ಯಾರ್ರಿ. ಎಮ್ಮಿಗೂ ಮೈ ತೊಳದಾರು. ಇಷ್ಟ ಮಾಡಿದಾರಂದ ಮ್ಯಾಲ ಅವರ ಮುಖ ಬಿಡಾಕ ಬರ್ತೈತೇನ್ರಿ?”

ಕಲ್ಲೋಳಿಯ ತಂಡದ್ದೂ ಹಾಗೇ. ತಿಪ್ಪೆಯನ್ನು ಚಿತ್ರಿಸಲು ಹೋದವರಿಗೆ ತಿಪ್ಪೆಯ ಮಾಲೀಕರು ಚಹಾ, ಚೂಡಾ ಕೊಟ್ಟು, ತಿಪ್ಪೆಯ ಮುಂದೆ ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳದ ಫೋಟೋ ಥರ ಕುಟುಂಬ ಸಮೇತ ನಿಂತಿದ್ದರು. ಮಿಕ್ಸಿಂಗ್ ಮಾಡುವಾಗ ಹಿನ್ನೆಲೆಯಲ್ಲಿ ತಿಪ್ಪೆ ತೆಗೆದು ಗೋಕಾಕ ಫಾಲ್ಸ್ ಹಾಕಿದ್ದರು. ಮೂಡಲಗಿಯ ಸ್ಟುಡಿಯೋದಲ್ಲಿ ಯಾವ ಮದುವೆಯಾದರೂ ಮದುಮಕ್ಕಳ ಹಿಂದೆ ಫಾಲ್ಸ್ ಧುಮುಕಲೇಬೇಕಾಗಿತ್ತು. ಹಾಲಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮಾತ್ರ ಕೆಂಡವಾಗಿ, “ಇದು ಪರಿಸರ ಅಲ್ರೋ, ಮದುವಿ! ಯಾರ ಮದುವಿ ಮಾಡ್ಕೊಂಡ ಬಂದೀರಿ?” ಎಂದು ಕೂಗಾಡಿದೆ.

ಆಗ ಕೌಜಲಗಿಯ ಹುಡುಗಿ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು.

“ಮೇಡಂ, ಸಿಟ್ಟ ಆಗಬ್ಯಾಡ್ರಿ. ಆದ್ರ ದಡ್ಡಿ ಗಟಾರು ಆವತ್ತ ಸ್ವಚ್ಛ ಆತಲ್ರಿ?”

“ಆತು. ಒಂದ ದಿನ.”

“ಹೂಂ ರಿ. ಯಾರರೆ ಬೈದು ಹೇಳಿದ್ರ ಒಂದ ದಿನಾನೂ ಆಗ್ತಿರ್ಲಿಲ್ಲ. ಕ್ಯಾಮೆರಾ ಬಂತಂತ ಆತು. ಹಂಗಾದ್ರ ಕ್ಯಾಮೆರಾ ಇಲ್ಲೇ ತರೂಣಲ್ರಿ. ನಮ್ಮ ಕಾಲೇಜಿಗೆ.”

ಹುಡುಗರು ಇನ್ನೂ ಫಾಲ್ಸ್ ನೆನೆದು ನಗುತ್ತಿದ್ದರು. ಹುಡುಗಿಯರ ಬೆಂಚುಗಳಲ್ಲಿ ಮಾತ್ರ ಯಾರೂ ನಗಲಿಲ್ಲ. ಎಲ್ಲಿಗೆ ಕ್ಯಾಮೆರಾ ತರಬೇಕೆಂದು ಅವರಿಗೆ ತಿಳಿದಿತ್ತು, ನನಗೂ ತಿಳಿಯಿತು.

ಮುಂದಿನ ವಾರ ಆ ಹುಡುಗಿ ಬರಲಿಲ್ಲ. ಜ್ವರ, ನೋವು, ಸಲಾಯಿನ್. ವಾರ ಕಳೆದ ಮೇಲೆ ಅಪ್ಪ ಬಂದರು, ಟಿ.ಸಿ. ಕೇಳಲು. ಅವರು ಹೇಳಿದ ಮಾತಿಗೆ ತಪ್ಪುವವರಲ್ಲ. ಪ್ರಾಚಾರ್ಯರು ಅವರನ್ನು ಕೂರಿಸಿ ಚಹಾ ಕೊಟ್ಟು, ಟಿ.ಸಿ. ಮಾತ್ರ ಕೊಡಲಿಲ್ಲ. ಕಾರಣ ಕರುಣೆಯಲ್ಲ. ಕಮಿಟಿಯ ದಿನ ಕೊನೆಗೂ ನಿಗದಿಯಾಗಿತ್ತು. ಹೆಣ್ಣುಮಕ್ಕಳ ಸಂಖ್ಯೆ ಒಂದೂ ಕಡಿಮೆಯಾಗುವಂತಿರಲಿಲ್ಲ.

“ಕಮಿಟಿ ಹೋದ ಮರದಿನ ಬರ್ರಿ, ಸೈ ಮಾಡಿ ಕೊಡ್ತೇನಿ. ಅಲ್ಲೀತನಕ ಹುಡುಗಿ ಸುಮ್ನ ಬಂದು ಕುಂಡ್ರಲಿ,” ಎಂದರು.

ಅಪ್ಪ ಹೊರಗೆ ಬಂದು ನನ್ನ ಮುಂದೆ ನಿಂತು, “ಇಷ್ಟ ದಿನ ತಡದಾಳು, ಇನ್ನಷ್ಟ ದಿನ ತಡೀತಾಳಂತ್ರಿ,” ಎಂದರು. ಅವರ ಟೋಪಿ ಕೈಯಲ್ಲಿ ಮುದುಡಿಹೋಗಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕಮಿಟಿಯ ಮರುದಿನಕ್ಕೆ ಆ ಹುಡುಗಿಯ ಓದು ಮುಗಿಯುತ್ತದೆ. ಏನಾದರೂ ಆಗಬೇಕಾದರೆ ಕಮಿಟಿಯ ದಿನವೇ ಆಗಬೇಕು.

ಆ ದಿನದ ತಯಾರಿಯನ್ನು ಏನೆಂದು ಹೇಳಲಿ! ಸುಣ್ಣ ಬಳಿದದ್ದು ಒಣಗುವ ಮುಂಚೆಯೇ ಗೋಡೆಗೆ ಪರಿಸರದ ಸುವಾಕ್ಯ ಬರೆದರು. ತಲೆಗೆ ಸುತ್ತುವ ರೇಷ್ಮೆ ಪಟಕಾ ಬಂತು, ಹಾರ ಬಂತು, ಅತಿಥಿಗಳಿಗೆ ಕರದಂಟಿನ ಡಬ್ಬಿ ಬಂತು. ಪ್ರಾಚಾರ್ಯರು ನನ್ನನ್ನು ಕರೆದು, “ನಿಮ್ಮ ವಿಡಿಯೋ ಹುಡುಗಗ ಹೇಳ್ರಿ. ಕಾರ್ಯಕ್ರಮ ಪೂರಾ ಶೂಟಿಂಗ್ ಆಗಬೇಕು. ಮದುವಿ ಮಾಡಿದಂಗ ಚಂದ ಬರಬೇಕು,” ಎಂದರು. ನಿರೂಪಣೆಗೆ ನಾನು. ಕನ್ನಡದವರು ಇರುವುದೇ ಮೈಕ್ ಹಿಡಿಯುವುದಕ್ಕೆ ಎಂದು ಎಲ್ಲ ಕಾಲೇಜುಗಳಲ್ಲಿ ತಿಳಿದುಕೊಂಡಿರುತ್ತಾರೆ.

“ಮದುವಿ ಮಾಡಿದಂಗಽ ಮಾಡಸ್ತೇವಿ ಸರ,” ಎಂದೆ. ಅವರು ಬಹಳ ಖುಷಿಯಾದರು.

ಕಮಿಟಿಯಲ್ಲಿ ಮೂವರಿದ್ದರು. ಅಧ್ಯಕ್ಷರು ಮೈಸೂರಿನ ಕಡೆಯವರು, ಮೃದುವಾಗಿ ಮಾತಾಡುವವರು. ಇನ್ನೊಬ್ಬರು ಏನನ್ನು ತೋರಿಸಿದರೂ “ಗುಡ್, ಗುಡ್” ಎನ್ನುವವರು. ಮೂರನೆಯವರು ಧಾರವಾಡದ ಕಡೆಯ ಹಿರಿಯ ಹೆಣ್ಣುಮಗಳು, ಬಾಯಿ ಮುಚ್ಚಿ ಕಣ್ಣು ತೆರೆದು ನಡೆಯುವವರು. ಗಂಡಸರಿಬ್ಬರು ಪಟಕಾ ಸುತ್ತಿಸಿಕೊಂಡು, ಹೆಣ್ಣುಮಗಳು ಹಾರ ಹಾಕಿಸಿಕೊಂಡು ನಡೆದರು. ಮುಂದೆ ಪ್ರಾಚಾರ್ಯರು, ಹಿಂದೆ ಸಿಬ್ಬಂದಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಕ್ಯಾಮೆರಾ ಹೊತ್ತ ನಮ್ಮ ಮೂಡಲಗಿಯ ಹುಡುಗ.

ಮೊದಲು ಸಸಿಯ ಹತ್ತಿರ ನಿಂತರು. ನಮ್ಮಲ್ಲಿ ವರ್ಷಾ ವರ್ಷಾ ವನಮಹೋತ್ಸವ ಆಗುತ್ತಿತ್ತು, ಅದೇ ಕುಣಿಯಲ್ಲಿ. ನೆಟ್ಟದ್ದು ಒಣಗುತ್ತಿತ್ತು, ಮುಂದಿನ ವರ್ಷ ಕುಣಿ ಸಿದ್ಧ ಇರುತ್ತಿತ್ತು, ಅಗೆಯುವ ಕೆಲಸ ಉಳಿಯುತ್ತಿತ್ತು. ಆ ವರ್ಷ ಮಾತ್ರ ಬೇವಿನ ಸಸಿ ಎದೆಯೆತ್ತರ ಬೆಳೆದು ತಳತಳ ಎನ್ನುತ್ತಿತ್ತು. ಅಧ್ಯಕ್ಷರು ಎಲೆ ಮುಟ್ಟಿ, “ಬಹಳ ಚೆನ್ನಾಗಿ ನೋಡಿಕೊಂಡಿದ್ದೀರಿ,” ಎಂದರು. “ದಿನಾ ನೀರ ಹಾಕಸ್ತೇವ್ರಿ,” ಎಂದು ಪ್ರಾಚಾರ್ಯರು ಎದೆಯುಬ್ಬಿಸಿದರು. ನೀರು ಹಾಕಿದವರು ಯಾರೆಂದು ನನಗೆ ಗೊತ್ತಿತ್ತು. ಕೌಜಲಗಿಯ ಹುಡುಗಿಯಿಂದ ಕಲಿತು ಬಸ್ಸಿನ ಹುಡುಗಿಯರೆಲ್ಲ ಸಂಜೆ ತಮ್ಮ ತುಂಬಿದ ಬಾಟಲಿಗಳನ್ನು ಆ ಸಸಿಯ ಬುಡಕ್ಕೇ ಬರಿದು ಮಾಡಿ ಹೋಗುತ್ತಿದ್ದರು.

ಅಲ್ಲಿಂದ ಶೌಚಾಲಯ. ಅದನ್ನು ಎಲ್ಲರೆದುರು ತಾವೇ ತೆರೆದು ತೋರಿಸಬೇಕೆಂದು ಪ್ರಾಚಾರ್ಯರು ಚಾವಿಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಬಾಗಿಲಿಗೆ ಚೆಂಡುಹೂವಿನ ಮಾಲೆ ಅವರೇ ಹಾಕಿಸಿದ್ದು. ಮಾವಿನೆಲೆಯ ತೋರಣ ಹುಡುಗಿಯರು ಕಟ್ಟಿದ್ದು. ನೋಡಿದರೆ ಹೊಸ್ತಿಲ ಮೇಲೆ ಹುಡುಗಿಯರು ಕೈಕೈ ಹಿಡಿದು ನಿಂತಿದ್ದಾರೆ! ಸೀರೆ ಉಟ್ಟಿದ್ದಾರೆ, ತಲೆಗೆ ಹೂ ಮುಡಿದಿದ್ದಾರೆ. ನಡುವೆ ಕೌಜಲಗಿಯ ಹುಡುಗಿ, ಕೈಯಲ್ಲಿ ಆರತಿ ತಟ್ಟೆ.

“ಹೆಸರ ಹೇಳಿ ಒಳಗ ಹೋಗ್ರಿ ಸರ,” ಎಂದಳು.

ಪ್ರಾಚಾರ್ಯರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕುಂಕುಮದಂತೆ ಕೆಂಪಾಯಿತು. “ಏ, ಇದೇನ ಹಚ್ಚೀರಿ? ಸರೀರಿ ಅತ್ತಾಗ!” ಎಂದು ಮೆಲ್ಲಗೆ ಹಲ್ಲು ಕಡಿದರು.

ಅಧ್ಯಕ್ಷರು, “ಏನಿದು?” ಎಂದು ಕುತೂಹಲದಿಂದ ಕೇಳಿದರು. ಧಾರವಾಡದ ಹೆಣ್ಣುಮಗಳು ಬೆಳಗಿನಿಂದ ಮೊದಲ ಬಾರಿಗೆ ನಕ್ಕರು. “ನಮ್ಮ ಕಡೆ ಪದ್ಧತಿರಿ ಸರ. ಬಾಗಿಲದಾಗ ತಡದ್ರ ಹೆಂಡತಿ ಹೆಸರು ಒಡಪಿನ್ಯಾಗ ಹೇಳಬೇಕು. ಕೇಳಿದ್ದ ಕೊಡಬೇಕು. ಸಿಟ್ಟ ಆಗೂಹಂಗಿಲ್ಲ,” ಎಂದು ತಿಳಿಸಿ ಹೇಳಿದರು. “ಭೇಷ್! ಜಾನಪದ ಇನ್ನೂ ಉಳಿದಿದೆ. ಹೇಳಿ ಸರ್, ಹೇಳಿ,” ಎಂದು ಅಧ್ಯಕ್ಷರು ಚಪ್ಪಾಳೆ ತಟ್ಟಿದರು. “ಗುಡ್, ಗುಡ್,” ಎಂದರು ಇನ್ನೊಬ್ಬರು.

ಪ್ರಾಚಾರ್ಯರು ನನ್ನ ಕಡೆ ತಿರುಗಿದರು. ನಾನು ಮೈಕನ್ನು ಅವರ ಬಾಯಿಗೆ ಹಿಡಿದೆ. ಕ್ಯಾಮೆರಾದ ಹಿಂದಿನಿಂದ, “ಸರ, ಇತ್ತಾಗ ನೋಡ್ರಿ. ಬೆಳಕ ಬರೋಬ್ಬರಿ ಐತಿ,” ಎಂಬ ಧ್ವನಿ ಬಂತು. ಮನುಷ್ಯ ಎಷ್ಟೇ ದೊಡ್ಡ ಹುದ್ದೆಯಲ್ಲಿರಲಿ, ನಮ್ಮ ಸೀಮೆಯಲ್ಲಿ ಹುಟ್ಟಿದ ಮೇಲೆ ಒಡಪು ಬಾಯಲ್ಲಿ ಇದ್ದೇ ಇರುತ್ತದೆ. ಅವರು ಗಂಟಲು ಸರಿಮಾಡಿಕೊಂಡು ನೆಲ ನೋಡುತ್ತ ಹೇಳಿದರು:

“ಗೋಕಾವಿ ಫಾಲ್ಸಿನ ನೀರು ಹಾಲಿನಂಗ ಬೆಳ್ಳಗ,
ನನ್ನಾಕಿ ಹೆಸರ ಹೇಳಿ ಕಾಲಿಡ್ತೇನಿ ಒಳಗ.”

“ನನ್ನಾಕಿ” ಎಂದು ನಾನಿಲ್ಲಿ ಬರೆದ ಕಡೆ ಹೆಂಡತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿದ್ದರು. ಅಷ್ಟು ವರ್ಷದಲ್ಲಿ ಆ ಹೆಸರು ಅವರ ಬಾಯಿಂದ ಬಂದದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಹೇಳಿದ ಮೇಲೆಯೇ ಅವರಿಗೆ ತಾವು ಕಾಲಿಡುತ್ತೇನೆ ಎಂದದ್ದು ಯಾವುದರ ಒಳಗೆ ಎನ್ನುವುದು ಹೊಳೆದಿರಬೇಕು. ಸಿಬ್ಬಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಧಾರವಾಡದವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಪ್ರಾಚಾರ್ಯರಿಗೂ ನಗೆ ತಡೆಯಲಾಗಲಿಲ್ಲ. ಜೇಬಿಗೆ ಕೈ ಹಾಕಿ, “ತಗೋಳವ್ವಾ, ನಿಮ್ಮ ಪೇಢಾಕ್ಕ,” ಎಂದು ನೋಟು ತೆಗೆದರು.

“ರೊಕ್ಕ ಬ್ಯಾಡ್ರಿ ಸರ,” ಎಂದಳು ಹುಡುಗಿ. ತಟ್ಟೆಯನ್ನು ಮುಂದೆ ಚಾಚಿದಳು. “ಚಾವಿ ಕೊಡ್ರಿ.”

ಪ್ರಾಚಾರ್ಯರ ನಗೆ ತುಟಿಯ ಮೇಲೇ ನಿಂತಿತು. ಅವರು ಕಮಿಟಿಯನ್ನು ನೋಡಿದರು. ಕಮಿಟಿ ನಗುತ್ತ ಅವರನ್ನೇ ನೋಡುತ್ತಿತ್ತು. ಸಿಟ್ಟಾಗುವಂತಿಲ್ಲ, ಇಲ್ಲವೆನ್ನುವಂತಿಲ್ಲ. ಇನ್ನೊಂದು ಜೇಬಿಗೆ ಕೈ ಹೋಯಿತು. ಚಾವಿ ತಟ್ಟೆಯಲ್ಲಿ ಬಿತ್ತು.

“ಸರ, ಬ್ಯಾಟರಿ ಬದಲ ಮಾಡೇನ್ರಿ. ಇನ್ನೊಮ್ಮೆ ಕೊಡ್ರಿ,” ಎಂದ ಮೂಡಲಗಿಯ ಹುಡುಗ. “ಇಬ್ಬರೂ ಹಿಡಕೊಂಡ ನಿಂದರ್ರಿ. ಹಾಂ. ಈ ಕಡೆ.”

ಪ್ರಾಚಾರ್ಯರು ಒಂದು ಕಡೆ, ಹುಡುಗಿ ಒಂದು ಕಡೆ, ನಡುವೆ ಚಾವಿ ಹಿಡಿದು, ಕೊಡಪಾನ ಕೊಡುವವರ ಹಾಗೆ ಕ್ಯಾಮೆರಾ ನೋಡುತ್ತ ನಿಂತರು. ನಾನು ಮೈಕ್ ತೆಗೆದುಕೊಂಡು, ಮದುವೆಮನೆಯ ದನಿಯಲ್ಲಿ, ಕಾಲೇಜಿನ ನಾಲ್ಕೂ ಗೋಡೆಗೆ ಕೇಳುವಂತೆ ಕೂಗಿದೆ: “ಮಾನ್ಯ ಪ್ರಾಚಾರ್ಯರಿಂದ ಕಾಲೇಜಿನ ಹೆಣ್ಣುಮಕ್ಕಳಿಗೆ ಆಯೇರ, ಶೌಚಾಲಯದ ಚಾವಿ ಒಂದು!” ನನ್ನ ನಿರೂಪಣೆಗೆ ಅಷ್ಟು ದೊಡ್ಡ ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲ.

ಹುಡುಗಿ ಕೀಲಿ ತೆಗೆದಳು. ಮೊದಲು ಒಳಗೆ ಹೋದವರು ಧಾರವಾಡದ ಹೆಣ್ಣುಮಗಳು. ಬೆಳಗಿನಿಂದ ಅವರೂ ತಡೆದುಕೊಂಡಿದ್ದರೆಂದು ಕಾಣುತ್ತದೆ. ಹೊರಗೆ ಬಂದವರು, “ಹೊಚ್ಚ ಹೊಸದ ಇದ್ದಂಗ ಐತಲ್ರಿ. ಯಾರೂ ಉಪಯೋಗನಽ ಮಾಡಿಲ್ಲೇನೋ ಅನ್ನೂಹಂಗ,” ಎಂದು ಪ್ರಾಚಾರ್ಯರನ್ನು ಒಂದು ನೋಟ ನೋಡಿದರು. ಆ ನೋಟದ ಮುಂದೆ ನಮ್ಮ ಪ್ರಾಚಾರ್ಯರು ಕರದಂಟಿನ ಡಬ್ಬಿ ಚಾಚಿದರು.

ಕಮಿಟಿ ಹೋಯಿತು. ಮರುದಿನ ಬೆಳಿಗ್ಗೆ ಅವರ ಕೋಣೆಯಿಂದ ಕರೆ.

“ಮೇಡಂ, ನಾಟಕ ಆತು. ಚಾವಿ ತರಸ್ರಿ.”

“ಆಯೇರ ಹೊಳ್ಳಿ ಕೇಳ್ತಾರೇನ್ರಿ ಸರ? ಕ್ಯಾಸೆಟ್ಟಿನ್ಯಾಗ ಬಂದೈತಿ.”

“ಕ್ಯಾಸೆಟ್ ಯಾರ ನೋಡ್ತಾರ್ರಿ?”

“ಒಂದು ಕಾಪಿ ನೀವು ಇತ್ತಾಗ ಬಂದ ಮ್ಯಾಲ ನಿಮ್ಮ ಮನಿಗೆ ಹೋಗೇತ್ರಿ ಸರ. ವೈನಿಯವರು ಕೇಳಿ ಕಳಿಸಿದ್ರಂತ.”

ಅವರು ಚಾವಿಯ ಮಾತು ಬಿಟ್ಟು ಫೈಲು ಎಳೆದುಕೊಂಡರು. ಆಮೇಲೆ ತಿಳಿದದ್ದು: ಪ್ರಾಚಾರ್ಯರ ಹೆಂಡತಿ ಓಣಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು, ತಮ್ಮ ಹೆಸರು ಬರುವ ಜಾಗಕ್ಕೆ ತಿರುತಿರುಗಿ ಸುತ್ತಿಸಿ ನೋಡಿದ್ದರಂತೆ. ನೋಡಿದಾಗೆಲ್ಲ ಚಾವಿಯೂ ಬರುತ್ತಿತ್ತು. ಇಡೀ ಓಣಿಗೆ ಗೊತ್ತಾದ ಆಯೇರವನ್ನು ಹಿಂದಕ್ಕೆ ಇಸಿದುಕೊಂಡು ಯಾವ ಗಂಡಸು ಮನೆಗೆ ಹೋಗಿಯಾನು? ಮುಂದೆ ಅದೇ ಪ್ರಾಚಾರ್ಯರು ಎಲ್ಲೋ ವಿಚಾರಸಂಕಿರಣಕ್ಕೆ ಹೋಗಿ, ವಿದ್ಯಾರ್ಥಿಗಳೇ ತೆಗೆದ ವಿಡಿಯೋದಿಂದ ಪರಿಸರ ಕಲಿಸುವ ವಿಧಾನದ ಬಗ್ಗೆ ಪ್ರಬಂಧ ಓದಿ ಶಾಲು ಹೊದಿಸಿಕೊಂಡು ಬಂದರು. ಹೊದ್ದುಕೊಳ್ಳಲಿ ಬಿಡಿ. ನಾನು ಆ ಹಾಲಿನ ಅಷ್ಟೂ ಹುಡುಗ ಹುಡುಗಿಯರಿಗೆ ಪ್ರಾಜೆಕ್ಟಿನ ಪೂರ್ತಿ ಅಂಕ ಕೊಟ್ಟೆ, ದಡ್ಡಿಯ ಶಹನಾಯಿಗೂ.

ನಾನು ಕೋಣೆಯಿಂದ ಹೊರಗೆ ಬಂದಾಗ ಕೌಜಲಗಿಯ ಅಪ್ಪ ಆಫೀಸಿನ ಬೆಂಚಿನ ಮೇಲೆ ಕುಳಿತಿದ್ದರು. ಮಾತು ಕೊಟ್ಟ ಹಾಗೆ ಕಮಿಟಿ ಹೋದ ಮರುದಿನ ಟಿ.ಸಿ.ಗೆ ಬಂದಿದ್ದರು. “ಸೈ ಮಾಡ್ತಾರೇನ್ರಿ ಮೇಡಂ?” ಎಂದರು. ನಾನು ಅವರನ್ನು ಶೌಚಾಲಯದ ಕಡೆ ಕರೆದುಕೊಂಡು ಹೋದೆ. ಬೇವಿನ ಸಸಿಯ ಹತ್ತಿರ ಅವರು ನಿಂತುಬಿಟ್ಟರು. ಹೆಣ್ಣುಮಕ್ಕಳ ಜಾಗ, ಗಂಡಸರು ಅದಕ್ಕಿಂತ ಮುಂದೆ ಹೋಗಬಾರದು ಎಂದು. ದೂರದಿಂದಲೇ ಬಾಗಿಲು ತೆರೆದಿದ್ದನ್ನು ನೋಡಿದರು. ತೋರಣ ಬಾಡಿತ್ತು. ಹುಡುಗಿಯರು ಇಬ್ಬಿಬ್ಬರಾಗಿ ಮಾತಾಡುತ್ತ ಹೋಗಿ ಬರುತ್ತಿದ್ದರು.

ಮಗಳು ಓಡಿ ಬಂದಳು. ಚಾವಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡಿದ್ದಳು. ಅಪ್ಪ ನಾಚಿ ಟೋಪಿ ತಿರುಗಿಸುತ್ತ ನಿಂತರು. ಅವಳು ಚೀಲದಿಂದ ಅವ್ವ ಕೊಟ್ಟ ಬಾಟಲಿ ತೆಗೆದಳು, ಮುಚ್ಚಳ ಬಿಚ್ಚಿದಳು, ತಲೆ ಹಿಂದಕ್ಕೆ ಮಾಡಿ ಅಪ್ಪನ ಎದುರು ನಿಂತು ಗಟಗಟ ಕುಡಿದಳು. ನಡುವೆ ಉಸಿರು ತೆಗೆದುಕೊಂಡಳು, ಮತ್ತೆ ಕುಡಿದಳು. ಗದ್ದದಿಂದ ನೀರು ಇಳಿದು ಕೊರಳ ಚಾವಿ ತೊಯ್ಯಿತು. ಬಾಟಲಿ ಪೂರಾ ಬರಿದಾಯಿತು.

ಅಪ್ಪ ಟೋಪಿಯನ್ನು ತಲೆಗೆ ಇಟ್ಟುಕೊಂಡು ಕೈ ಚಾಚಿದರು.

“ತಾ ಇಲ್ಲೆ,” ಎಂದರು. “ತುಂಬ್ಕೊಂಡ ಬರ್ತೇನಿ.”